ಖಾಕಿ ರಟ್ಟಿನ ಪುಸ್ತಕ

ಕಳಕೊಂಡ ಒಂದು ಪುಸ್ತಕ ಹುಡುಕಾಕ ಹೊಂಟವರಿಗೆ ಆ ಪುಸ್ತಕ ಬಿಟ್ಟು ಬಾಕಿ ಎಲ್ಲಾ ಸಿಗತೈತಿ. ಈ ಒಂದೂವರಿ ವರ್ಷದಾಗ ನನಗ ಏನೇನು ಸಿಕ್ತು ಅಂತ ಹೇಳಿದ್ರ ನೀವು ನಗತೀರಿ. ನಗ್ರಿ, ನನ್ನ ತಕರಾರೇನೂ ಇಲ್ಲ. ನಾನೂ ನಕ್ಕೇನಿ. ಕೆಲವು ಸಲ ಮಾತ್ರ ನಗೋದಕ್ಕಿಂತ ಮದ್ಲ ಸೆರಗು ಕಣ್ಣಿಗೆ ಹೋಗೇತಿ.

ನಾ ಓದಿದಾಕಿ ಅಲ್ಲ. ಏಳನೇ ಇಯತ್ತೆ ಮುಗಿಸಿ ಸಾಲಿ ಬಿಟ್ಟಾಕಿ. ಬಾಗಲಕೋಟಿ ನವನಗರದಾಗ ಇರತೇನಿ, ಮನ್ಯಾಗ ರೊಟ್ಟಿ ಬಡದು ಒಂದು ಖಾನಾವಳಿಗೆ ಕೊಡತೇನಿ. ಓದೋದು ನಮ್ಮ ಮನಿಯವರ ಪಾಲಿಗೆ ಇತ್ತು. ಅವರು ಬಸ್ ಕಂಡಕ್ಟರ್. ಬಾಗಲಕೋಟಿ, ಹುನಗುಂದ, ಇಳಕಲ್, ಹೊಳ್ಳಿ ಬಾಗಲಕೋಟಿ, ಹಿಂಗ ಜೀವನ ತಿರುಗ್ಯಾರ. ತಿರುಗಿದ ದಾರಿಗುಂಟ ಪುಸ್ತಕ ಕೂಡಿಸ್ಯಾರ. ಹಳೇ ಬಾಗಲಕೋಟಿ ಡ್ಯಾಮಿನ ನೀರಾಗ ಮುಳುಗಿ ನಾವು ನವನಗರಕ್ಕ ಬರೋ ಹೊತ್ತಿನ್ಯಾಗ ಮದ್ಲ ಪುಸ್ತಕ ಬಂದವು, ಆಮ್ಯಾಲ ನಾ ಬಂದೆ.

೧. ತಪಾಸಣಿ

ಡ್ಯೂಟಿ ಮ್ಯಾಲ ಓದಬಾರದು. ಆದ್ರ ಬಸ್ಸು ಸ್ಟ್ಯಾಂಡಿನ್ಯಾಗ ಇಪ್ಪತ್ತು ನಿಮಿಷ ನಿಂತ್ರ ಇವರ ಕೈ ಸುಮ್ನ ಇರತಿರಲಿಲ್ಲ. ಅದಕ್ಕ ಎಲ್ಲಾ ಪುಸ್ತಕಕ್ಕೂ ಖಾಕಿ ರಟ್ಟು ಹಾಕತಿದ್ರು. ದೂರಿಂದ ನೋಡಿದವರು ಯಾವುದೋ ಸರಕಾರಿ ರಜಿಸ್ಟರ್ ಅನಕೋಬೇಕು. ಮ್ಯಾಲ ಹೆಸರು ಬರೀತಿರಲಿಲ್ಲ. "ಹೆಸರಿಲ್ಲದಿದ್ರ ಯಾವುದು ಯಾವುದು ಅಂತ ಹೆಂಗ ಗೊತ್ತಾಗತೈತ್ರಿ?" ಅಂದ್ರ, "ಕೈಯಾಗ ಹಿಡದ್ರ ತೂಕ ಹೇಳತೈತಿ" ಅಂತಿದ್ರು.

ಒಂದಿನ ಹುನಗುಂದ ಸ್ಟ್ಯಾಂಡಿನ್ಯಾಗ ತಪಾಸಣಿ ಸಾಹೇಬ್ರು ಬಸ್ ಹತ್ತಿದ್ರು. "ವೇಬಿಲ್ ತೋರಸ್ರಿ" ಅಂದ್ರು. ಟಿಕೀಟಿನ ವಿವರ ಬರಿಯೋ ಹಾಳಿ ಅದು. ಇವರು ಗಡಬಡಿಸಿ ಕೈಯಾಗಿದ್ದ ಖಾಕಿ ರಟ್ಟಿನ ಕಾದಂಬರಿ ಕೊಟ್ಟುಬಿಟ್ರು. ಸಾಹೇಬ್ರು ತಗದು ನೋಡಿದ್ರು. ಒಂದು ಹಾಳಿ ತಿರುವಿದ್ರು. ಇನ್ನೊಂದು ತಿರುವಿದ್ರು. ಡ್ರೈವರು ಹಾರ್ನ್ ಹೊಡದ್ರು, ಮುಂದಿನ ಸೀಟಿನ ಮುದುಕಿ "ಏನೈತ್ಯೋ ಯಪ್ಪಾ ಅದರಾಗ, ಕೇಸ್ ಹಾಕತಾರೇನು?" ಅಂತ ಅಂಜಿ ಕೇಳಿದ್ಲು. ಇವರು ನೌಕರಿ ಹೋತು ಅಂತ ನಿಂತಾರ.

ಸಾಹೇಬ್ರು ಅಧ್ಯಾಯ ಮುಗಿಸಿದ್ರು. ಕಿಸೆದಾಗಿಂದ ಪೆನ್ನು ತಗದು, ರೂಢಿ ನೋಡ್ರಿ, ಹಾಳಿ ಕೆಳಗ 'ಪರಿಶೀಲಿಸಲಾಗಿದೆ' ಅಂತ ಬರದು ಸಹಿ ಹಾಕಿ ಹೊಳ್ಳಿ ಕೊಟ್ರು. ಇಳಿಯೋ ಮುಂದ ಸಣ್ಣ ದನ್ಯಾಗ ಕೇಳಿದ್ರಂತ, "ನಾಡದು ಇದ ಗಾಡಿ ಮ್ಯಾಲ ಇರತೀರೇನು? ಮುಂದಿಂದು ಪರಿಶೀಲನಾ ಮಾಡಬೇಕು."

೨. ನೀಲವ್ವನ ಗಂಟು

ನಿವೃತ್ತಿ ಆದಮ್ಯಾಲ ಸಕ್ಕರಿ ಬ್ಯಾನಿ ಅವರನ್ನ ಮನ್ಯಾಗ ಕಟ್ಟಿಹಾಕಿತು. ಕಾಲಿಗೆ ಗಾಯ ಆತು, ಹೊರಗ ಹೋಗೋದು ನಿಂತಿತು. ನಾ ರೊಟ್ಟಿ ಬಡಿಯೋ ಹೊತ್ತಿಗೆ ಅಡಗಿ ಮನಿ ಬಾಗಿಲದಾಗ ಖುರ್ಚಿ ಹಾಕ್ಕೊಂಡು ಕುಂದರತಿದ್ರು. ಒಂದಿನ ಖಾಕಿ ರಟ್ಟಿನ ಪುಸ್ತಕ ಹಿಡಕೊಂಡು ಬಂದು, "ಒಂದು ಕಥಿ ಓದಿ ಹೇಳ್ಲೇನು?" ಅಂದ್ರು.

ಮದುವಿ ಆದ ಹೊಸತಾಗೂ ಒಮ್ಮೆ ಓದಿ ಹೇಳಾಕ ನೋಡಿದ್ರು. ಎರಡನೇ ಹಾಳಿಗೆ ನಾ ಗೊರಕಿ ಹೊಡದಿದ್ದೆ. ಆಮ್ಯಾಲ ಜೀವನದಾಗ ಆ ಮಾತು ತಗದಿರಲಿಲ್ಲ. ಈ ಸಲ ಕೈಯಾಗ ಹಿಟ್ಟು ಇತ್ತು, ಮುಂದ ಹಂಚು ಕಾದಿತ್ತು, ನಿದ್ದಿ ಮಾಡೋ ಹಂಗಿರಲಿಲ್ಲ. ಓದ್ರಿ ಅಂದೆ.

ಕಥಿ ನೀಲವ್ವ ಅನ್ನೋ ಹೆಣಮಗಳದು. ಗಂಡ ಸತ್ತಾಕಿ. ಅಕ್ಕನ ಮಗಳ ಮದುವಿಗೆ ತನ್ನ ಬೋರಮಾಳ ಸರ ಗಂಟು ಕಟ್ಟಿಕೊಂಡು ಬಸ್ ಹತ್ತತಾಳ. ನೀರು ಕುಡಿಯಾಕ ಇಳೀತಾಳ, ಬಸ್ ಹೋಗಿಬಿಡತೈತಿ, ಗಂಟು ಬಸ್ಸಿನ್ಯಾಗ. ಅಲ್ಲಿಂದ ಆಕಿ ಊರೂರು ಬಸ್ ಸ್ಟ್ಯಾಂಡ್ ತಿರುಗಿ ಗಂಟು ಹುಡುಕೋದ ಕಥಿ. ಸರ ಸಿಗಲಿಲ್ಲಂದ್ರ ಆ ತಬ್ಬಲಿ ಹುಡಿಗಿ ಮದುವಿ ನಿಲ್ಲತೈತಿ.

ಆ ಮಂದಿ ಎಲ್ಲಾ ನಮ್ಮ ಮಂದಿ ಹಂಗ ಮಾತಾಡತಿದ್ರು. "ಇದನ್ನ ಬರದವ ನಮ್ಮ ಕಡಿಯವನ ಇರಬೇಕ್ರಿ" ಅಂದೆ. "ಹೂಂ, ಇಲ್ಲೇ ಎಲ್ಲೋ ಅದಾನ" ಅಂದ್ರು. ಪುಸ್ತಕದ ಹೆಸರು ಕೇಳಿದೆ. "ಮುಗದಮ್ಯಾಲ ಹೇಳತೇನಿ" ಅಂದ್ರು.

ಕಥಿ ಜೋರ ಆದಂಗ ರೊಟ್ಟಿ ಕರಕಾಗಾಕ ಹತ್ತಿದ್ವು. ಖಾನಾವಳಿ ಮಾಲಕರು ಫೋನ್ ಮಾಡಿ, "ಏನ್ರಿ ಅಕ್ಕಾರ, ಇವತ್ತ ರೊಟ್ಟಿ ಹೊತ್ಯಾವಲ್ಲ?" ಅಂದ್ರು. ನೀಲವ್ವನ್ನ ಪೊಲೀಸರು ಕರಕೊಂಡು ಹೋಗ್ಯಾರ್ರಿ, ಅದಕ್ಕ ಅಂದೆ. ಪೂರಾ ವಿಷಯ ಹೇಳಿದೆ. ಮರುದಿನ ಅವರು ರೊಟ್ಟಿ ಎಣಿಸೋದು ಬಿಟ್ಟು ಮದ್ಲ ಕೇಳಿದ್ದು, "ಬಿಟ್ರೇನ್ರಿ ಆಕಿನ್ನ?"

ಒಂದು ಸಂಜಿ ಓದೋ ಮುಂದ ಕರೆಂಟ್ ಹೋತು. ನನಗ ಗ್ಯಾಸಿನ ಉರಿ ಬೆಳಕಿತ್ತು, ಬಾಗಿಲದಾಗ ಏನೂ ಇರಲಿಲ್ಲ. ಅವರು ನಿಲ್ಲಸಲಿಲ್ಲ, ಓದಿಕೋತ ಹೋದ್ರು. "ಕತ್ತಲದಾಗ ಹೆಂಗ ಓದತೀರಿ?" ಅಂದೆ. "ದೀಪ ಇಲ್ಲದ ಬಸ್ಸಿನ್ಯಾಗ ಟಿಕೀಟ ಹರದಾವ ನಾ" ಅಂದ್ರು. ಇರಬಹುದು ಅನಕೊಂಡೆ. ಬಾದಾಮಿ ಸಾಲ್ಯಾಗ ಟೀಚರ್ ಇರೋ ನಮ್ಮ ಮಗಳು ಒಮ್ಮೆ ಬಂದಾಗ, "ಅವ್ವಾ, ಅಪ್ಪ ಒಂದು ಹಾಳಿ ಅರ್ಧಾ ತಾಸು ಓದತಾನಲ್ಲ" ಅಂದ್ಲು. ತಿಳಕೊಂಡು ಓದತಾರವಾ, ನಿಮ್ಮಂಗ ಅಲ್ಲ ಅಂತ ಆಕಿ ಬಾಯಿ ಮುಚ್ಚಿಸಿದೆ.

ಒಂದಿನ ನೀಲವ್ವ ಇಳಕಲ್ ಸ್ಟ್ಯಾಂಡಿಗೆ ಬಂದು, ಅಲ್ಲಿನ ಕಿಡಕಿ ಮುಂದ ನಿಂತು, ಒಳಗಿನ ಮನಶ್ಯಾನ್ನ "ನನ್ನ ಗಂಟೇನರ..." ಅಂತ ಕೇಳೋ ಹೊತ್ತಿಗೆ ಅವರು ಪುಸ್ತಕ ಮುಚ್ಚಿದ್ರು. "ಸಿಗತೈತೋ ಇಲ್ಲೋ ಅಷ್ಟರ ಹೇಳ್ರಿ" ಅಂದೆ. "ಇನ್ನ ಹತ್ತು ಹಾಳಿ ಅದಾವ. ನಾಳೆ ಮುಗಸೂಣು" ಅಂದ್ರು.

ಮರುದಿನ ಮುಂಜಾನೆ ಎದಿ ಹಿಡಕೊಂಡ್ರು. ದವಾಖಾನಿಗೆ ಒಯ್ದಿವಿ. ಮೂರನೇ ದಿನ ಲಿಂಗೈಕ್ಯ ಆದ್ರು. ಹತ್ತು ಹಾಳಿ ಹಂಗ ಉಳದ್ವು.

೩. ಪ್ರಸಾದ

ಶಿವಗಣಾರಾಧನಿ ದಿನ ಡಿಪೋದವರೆಲ್ಲಾ ಬಂದಿದ್ರು. ಡ್ರೈವರು, ಕಂಡಕ್ಟರು, ಮೆಕ್ಯಾನಿಕ್ಕು. ನಮ್ಮ ಅತ್ತಿಯ ತಂಗಿ, ವಯಸ್ಸಾದಾಕಿ, ಎಲ್ಲಾರ ಮುಂದ ಅಂದ್ಲು: "ಅವಗ ಪ್ರೀತಿ ಇದ್ದದ್ದು ಪುಸ್ತಕ. ಬಂದವರಿಗೆ ಒಂದೊಂದು ಕೊಡವಾ, ಅವನ ಜೀವಕ್ಕ ತಂಪಾಗತೈತಿ." ಎಲ್ಲಾರೂ ಹೌದು ಹೌದು ಅಂದ್ರು. ನಾ ಆವಾಗ ಯಾವ ಲೋಕದಾಗ ಇದ್ನೋ. ಒಯ್ಯಿರಿ ಅಂದೆ.

ಪ್ರಸಾದಕ್ಕ ನಿಂತಂಗ ಸಾಲು ಹಚ್ಚಿ ಒಯ್ದ್ರು. ಒಬ್ಬೊಬ್ಬರೂ ಕಣ್ಣಿಗೊತ್ತಿಕೊಂಡು, ಒಳಗ ಏನೈತಿ ಅಂತ ತಗದೂ ನೋಡದ ಒಯ್ದ್ರು. ಸಂಜಿ ಅನ್ನೋದ್ರಾಗ ಕಪಾಟು ಬರಿದಾತು.

ಹದಿನೈದು ದಿನಕ್ಕ ಗ್ಯಾಸ್ ತೀರಿತು. ಗ್ಯಾಸಿನ ಪುಸ್ತಕ ಹುಡುಕಿದ್ರ ಇಲ್ಲ. ಅದಕ್ಕೂ ಇವರು ಖಾಕಿ ರಟ್ಟು ಹಾಕಿ ಕಪಾಟಿನ್ಯಾಗ ಇಟ್ಟಿದ್ರು. ಡಿಪೋಕ್ಕ ಫೋನ್ ಮಾಡಿಸಿದೆ. ಎರಡು ದಿನದ ಮ್ಯಾಲ ಒಬ್ಬ ಮುದುಕ ವಾಚಮನ್ ತಂದು ಕೊಟ್ಟ. "ಕಂಡಕ್ಟರ್ ಸಾಹೇಬ್ರ ನೆನಪಿಗೆ ದಿನಾ ಒಂದು ಹಾಳಿ ಓದೀನ್ರಿ ಯವ್ವಾ" ಅಂದ. ಅದರಾಗ ಸಿಲಿಂಡರ್ ಬಂದ ತಾರೀಖು ಬಿಟ್ಟು ಮತ್ತೇನಿಲ್ಲ. ಹೆಂಗಿತ್ತಪಾ ಅಂದೆ. "ಭಾಳ ಆಳ ಐತ್ರಿ, ನನಗ ಅಷ್ಟು ತಿಳೀಲಿಲ್ಲ" ಅಂದ.

ಅವ ಹೋದಮ್ಯಾಲ ನಾ ಭಾಳ ನಕ್ಕೆ. ನಕ್ಕು ಹೊಳ್ಳಿ ನೋಡಿದ್ರ ಬಾಗಿಲದಾಗ ಬರೀ ಖುರ್ಚಿ ಇತ್ತು. ಆವಾಗ ತಲ್ಯಾಗ ಹೊಳೀತು, ನೀಲವ್ವನ ಪುಸ್ತಕಾನೂ ಹೋಗೇತಿ ಅಂತ. ಆಕಿ ಇನ್ನೂ ಆ ಕಿಡಕಿ ಮುಂದ ನಿಂತಾಳ. ನನಗ ಪುಸ್ತಕದ ಹೆಸರು ಗೊತ್ತಿಲ್ಲ, ಬರದವರ ಹೆಸರು ಗೊತ್ತಿಲ್ಲ. ಯಾರು ಒಯ್ದಾರ ಅನ್ನೋದೂ ಗೊತ್ತಿಲ್ಲ.

೪. ನಾಲಿಗಿ ತುದಿ

ನನ್ನ ಚಡಪಡಿಕಿ ನೋಡಿ ಮಗಳು ಫೋನಿನ್ಯಾಗ ಓದುವವರ ಒಂದು ಗುಂಪಿಗೆ ನನ್ನನ್ನ ಸೇರಿಸಿದ್ಲು. ಬಾದಾಮಿಯಿಂದ ಇಳಕಲ್ ತನಕ ಪುಸ್ತಕದ ಹುಚ್ಚು ಇದ್ದವರೆಲ್ಲಾ ಅದರಾಗ ಅದಾರ. ನನಗ ಬರಿಯಾಕ ತಡಾ ಆಗತೈತಿ ಅಂತ ಮಾತಾಡಿ ಕಳಿಸಿದೆ. ಹಿಂಗಿಂಗ ಕಥಿ, ನೀಲವ್ವ, ಬೋರಮಾಳ, ಗಂಟು. ಯಾರರ ಓದೀರೇನ್ರಿ, ಹೆಸರೇನ್ರಿ.

ಒಂದ ತಾಸಿನ್ಯಾಗ ನಾಕು ಮಂದಿ ಓದೇವಿ ಅಂದ್ರು.

ಹುನಗುಂದದ ನಿವೃತ್ತ ನರ್ಸ್ ಬಾಯಿ ಆ ಪುಸ್ತಕ ಓದಿ ಎರಡು ದಿನ ಅತ್ತಿದ್ರಂತ. ಬಾದಾಮಿಯ ಒಬ್ಬರು, "ಅದು ಸಿನಿಮಾನೂ ಆಗೇತ್ರಿ, ಸಿನಿಮಾದಾಗ ಗಂಟಿನ ಬಟ್ಟಿ ಕೆಂಪು" ಅಂದ್ರು. ಇಳಕಲ್ ಸೀರಿ ಅಂಗಡಿ ಸಾವಕಾರ್ರು ತಮ್ಮ ಹತ್ರ ಎರಡು ಪ್ರತಿ ಅದಾವ ಅಂದ್ರು. ವಿದ್ಯಾಗಿರಿಯ ನಿವೃತ್ತ ಪ್ರೊಫೆಸರ್ ಸಾಹೇಬ್ರು ಮಾತ್ರ ತೂಕದ ಮನಶಾ. ಅವರು ಪುಸ್ತಕದ ಭಾಷಾದಾಗ ಬರದಿದ್ರು: "ಈ ಕೃತಿಯನ್ನು ನಾನು ವಿದ್ಯಾರ್ಥಿ ದೆಸೆಯಲ್ಲಿಯೇ ಓದಿದ್ದೇನೆ. ಮೊದಲರ್ಧ ಗಟ್ಟಿಯಾಗಿದೆ. ಕೊನೆ ಸ್ವಲ್ಪ ಸಡಿಲ."

ಹೆಸರೇನ್ರಿ ಸರ್ ಅಂತ ಕೇಳಿದೆ.

"ಹೆಸರು ನಾಲಿಗೆಯ ತುದಿಯಲ್ಲಿಯೇ ಇದೆ" ಅಂತ ಬರದ್ರು.

ಹೋಗ್ಲಿ, ಗಂಟು ಸಿಗತೈತೋ ಇಲ್ಲೋ ಅಷ್ಟರ ಹೇಳ್ರಿ ಅಂದೆ. "ಕೊನೆಯನ್ನು ಹೇಳಿದರೆ ಓದುವ ಸುಖ ಹಾಳಾಗುತ್ತದೆ" ಅಂದ್ರು. ಅಂದಿನಿಂದ ದಿನಾ ಮುಂಜಾನೆ, ರೊಟ್ಟಿ ಕಳಿಸಿ ಕೈ ತೊಳಕೊಂಡ ಮ್ಯಾಲ, ಅವರಿಗೆ ಒಂದು ನಮಸ್ಕಾರ ಕಳಿಸಿ ಕೇಳತಿದ್ದೆ: "ಸರ್, ತುದಿಯಿಂದ ಇಳೀತೇನ್ರಿ?"

೫. ತಾಟಿನ್ಯಾಗಿನ ಪುಸ್ತಕ

ಸೀರಿ ಅಂಗಡಿ ಸಾವಕಾರ್ರು ಖರೆ ಮನಶಾ. ಎರಡರಾಗ ಒಂದು ಪ್ರತಿ ನಿಮಗ ಅಂತ ಸೀರಿ ಡಬ್ಬಿಯೊಳಗ ಇಟ್ಟು ಬಸ್ಸಿಗೆ ಹಾಕಿದ್ರು. ನಮ್ಮ ಕಡೆ ಹಂಗ. ಕಂಡಕ್ಟರ್ ಕೈಯಾಗ ಕೊಟ್ಟು, ಇಂಥವರು ಬರತಾರ ಅಂತ ಹೇಳಿದ್ರ ಮುಗೀತು. ನಾ ಸ್ಟ್ಯಾಂಡಿಗೆ ಹೋಗಿ ಡಬ್ಬಿ ಇಸಕೊಂಡೆ. ಮನಿಗೆ ಬಂದು ದೇವರ ಮುಂದ ಇಟ್ಟು, ಕೈಮುಗದು ತಗದೆ.

ಒಳಗ ಗಿಳಿಹಸರು ಇಳಕಲ್ ಸೀರಿ. ಕೆಂಪು ಸೆರಗು.

ಸಾವಕಾರ್ರಿಗೆ ಫೋನ್ ಮಾಡಿದೆ. ಅವರು ಅಯ್ಯಯ್ಯ ಅಂದ್ರು. ಅವತ್ತ ಅದ ಬಸ್ಸಿಗೆ ನವನಗರದ ಇನ್ನೊಂದು ಮನಿಗೆ, ಹುಡುಗನ ಕಡಿಯವರು ಕೊಂಡ ನಿಶ್ಚಯದ ಸೀರಿ ಹಾಕಿದ್ರು. ನನ್ನ ಡಬ್ಬಿ ಅಲ್ಲಿಗೆ ಹೋಗೇತಿ. ಸೀರಿ ತಗೊಂಡು ಅಟೋ ಹಿಡದು ಓಡಿದೆ.

ಆ ಮನ್ಯಾಗ ಮಂದಿ ಕೂಡಿತ್ತು. ಹುಡುಗನ ಕಡಿಯಿಂದ ಬಂದ ತಾಟುಗಳು ಸಾಲಾಗಿ ಇದ್ದವು. ಒಂದರಾಗ ಎಲಿ ಅಡಕಿ, ಒಂದರಾಗ ಹಣ್ಣು, ಒಂದರಾಗ ಕುಂಕುಮ ಹಚ್ಚಿ ಹೂವು ಏರಿಸಿದ ಪುಸ್ತಕ. ಹುಡುಗಿ ಸ್ವಾದರಮಾವ ಬಂದವರಿಗೆ ತಿಳಿಸಿ ಹೇಳಾಕ ಹತ್ತಿದ್ರು: "ಬೀಗರು ಭಾಳ ಸುಧಾರಣೆ ಮಂದಿ. ಸೀರಿ ಯಾಕ, ಜ್ಞಾನ ಕೊಡೋಣು ಅಂದಾರ." ಬೀಗರೂ ಅಲ್ಲೇ ಕುಂತಿದ್ರು. ಅವರಿಗೆ ಏನೂ ತಿಳದಿರಲಿಲ್ಲ, ಆದ್ರ ಹೊಗಳಿಕಿ ಬಂದಾಗ ಯಾಕ ಬ್ಯಾಡ ಅನಬೇಕು ಅಂತ ಗೋಣು ಹಾಕಾಕ ಹತ್ತಿದ್ರು.

ನಾ ಹುಡುಗಿ ತಾಯಿನ್ನ ಒಳಗ ಕರದು ಸೀರಿ ಕೊಟ್ಟೆ. ಪುಸ್ತಕ ಕೊಡ್ರವಾ ಅಂದೆ. ಒಳಗ ಕುಂತಿದ್ದ ಮದುಮಗಳು, ತಲಿ ತುಂಬ ಹೂವು ಮುಡಕೊಂಡಾಕಿ, "ತಾಟಿನ್ಯಾಗ ಇಡೋಕಿಂತ ಮದ್ಲ ಒಂದು ಅಧ್ಯಾಯ ಓದೇನ್ರಿ ಕಾಕಿ, ಮುಗಿಸಿ ಕೊಡತೇನಿ" ಅಂದ್ಲು. ನಾ ಒಂದ ಮಾತು ಕೇಳಿದೆ: ಅದರಾಗ ನೀಲವ್ವ ಅದಾಳೇನವಾ? ಇಲ್ರಿ, ಇದು ಒಂದು ಕಳದ ಆಕಳದ ಕಥಿ ಅಂದ್ಲು. ಹಂಗಾದ್ರ ಸಾವಕಾಶ ಓದವಾ ಅಂತ ಹೇಳಿ ಎದ್ದೆ.

ಆ ಹುಡುಗಿ ಈಗ ನಮ್ಮ ಗುಂಪಿನ್ಯಾಗ ಅದಾಳ. ಮದುವ್ಯಾಗ ನಾ ಆಕಿಗೆ ಒಂದು ಸೀರಿ ಉಡಿಸಿದೆ. ಅವತ್ತ ಗೋಣು ಹಾಕಿದ ಬೀಗರು ನನ್ನನ್ನ ಬಾಜೂಕ ಕರದು ಕೇಳಿದ್ರು, "ಪುಸ್ತಕ ತರಲಿಲ್ಲೇನ್ರಿ? ನಮ್ಮ ಮನಿತನಕ್ಕ ಒಂದು ಹೆಸರು ಬಂದುಬಿಟ್ಟೈತಿ, ಇನ್ನ ಬಿಡಾಕ ಆಗೂದಿಲ್ಲ."

೬. ಜಗಲಿ

ಹಿಂಗ ಒಬ್ಬರ ಮ್ಯಾಲ ಒಬ್ಬರು ಪುಸ್ತಕ ಕಳಿಸಾಕ ಹತ್ತಿದ್ರು. ಯಾವುದೂ ನನ್ನದಲ್ಲ. ಆದ್ರೂ ಬಂದದ್ದನ್ನ ಹೆಂಗ ಹೊಳ್ಳಿ ಕಳಸೋದು. ನೀಲವ್ವ ಇದ್ದಾಳೇನು ಅಂತ ಒಂದೊಂದನ್ನ ಮದ್ಲಿಂದ ಕಡೀತನಕ ಓದಿದೆ. ಜೀವನದಾಗ ಓದದಾಕಿ ವರ್ಷದಾಗ ಇಪ್ಪತ್ತೆಂಟು ಪುಸ್ತಕ ಓದಿದೆ. ಹುನಗುಂದದ ನರ್ಸ್ ಬಾಯಿ ವಾರಕ್ಕೊಮ್ಮೆ ಫೋನ್ ಮಾಡತಿದ್ರು, ಓದಿದ್ದು ಮಾತಾಡತಿದ್ವಿ. ಒಂದಿನ ಅವರು ತಾವ ಒಪ್ಪಿಕೊಂಡ್ರು: "ನೀಲವ್ವನ ಪುಸ್ತಕ ನಾ ಓದಿಲ್ರಿ. ನಿಮ್ಮ ದನಿ ಕೇಳಿ ಅಳು ಬಂತು, ಅದಕ್ಕ ಅತ್ತೇನಿ ಅಂದೆ." ಅವರ ಮ್ಯಾಲಿನ ಪ್ರೀತಿ ಇಮ್ಮಡಿ ಆತು.

ಡಿಪೋದವರು ಒಯ್ದದ್ದನ್ನೂ ಒಂದೊಂದ ಮನಿಗೆ ಹೋಗಿ ನೋಡಿಕೊಂಡು ಬಂದೆ. ಚೊಳಚಗುಡ್ಡದಾಗ ಒಬ್ಬ ಮೆಕ್ಯಾನಿಕ್ ಮನಿಗೆ ಹೋದ್ರ, ನಮ್ಮ ಪುಸ್ತಕ ದೇವರ ಜಗಲಿ ಮ್ಯಾಲ ಇತ್ತು. ಖಾಕಿ ರಟ್ಟಿಗೆ ವಿಭೂತಿ ಮೂರು ಎಳಿ, ಮುಂದ ಊದಿನಕಡ್ಡಿ. ಅವನ ಹೆಂಡತಿ, "ಶರಣರ ಮನಿಯಿಂದ ಬಂದದ್ರಿ, ನಿತ್ಯ ಪೂಜಿ ಮಾಡತೇನಿ. ಅದು ಬಂದಮ್ಯಾಲ ನಮ್ಮನಿಯವರ ಬೆನ್ನಬ್ಯಾನಿ ಹೋತು" ಅಂದ್ಲು. ಒಂದಿಷ್ಟು ತಗದು ನೋಡತೇನವಾ ಅಂದೆ. ಕೈಕಾಲು ತೊಳಸಿ, ಮಣೆ ಹಾಕಿ ಕುಂದರಿಸಿದ್ಲು. ಅವರ ಅತ್ತಿ, ಮಕ್ಕಳು, ಬಾಜೂ ಮನಿಯವರು ಕೈಮುಗದು ಸುತ್ತ ಕುಂತ್ರು. "ಗಟ್ಟ್ಯಾಗಿ ಓದ್ರಿ, ನಮಗೂ ಪುಣ್ಯ ಬರಲಿ" ಅಂದ್ಲು ಅತ್ತಿ.

ತಗದೆ. ನೀಲವ್ವ ಅಲ್ಲ, ಪತ್ತೇದಾರಿ ಕಾದಂಬರಿ. ಮದ್ಲನೇ ಸಾಲಿನ್ಯಾಗ ಒಬ್ಬ ಶ್ರೀಮಂತನ ಹೆಣ ಬಿದ್ದಿರತೈತಿ. ನಾ ಸುಮ್ನ ಮುಚ್ಚಬೇಕಿತ್ತು, ಆದ್ರ ಅಷ್ಟು ಮಂದಿ ಕೈಮುಗದು ಕುಂತಾರ, ಓದಿಬಿಟ್ಟೆ. ಒಂದು ಅಧ್ಯಾಯ ಮುಗಸಾಕ ಹಚ್ಚಿದ್ರು. ಆಮ್ಯಾಲ ಅತ್ತಿ ಜಗಲಿ ಕಡೆ ನೋಡಿ, ವಿಚಾರ ಮಾಡಿ ಸೊಸಿಗೆ ಅಂದ್ಲು, "ಒಂದು ವರ್ಷ ಊದಿನಕಡ್ಡಿ ಹಚ್ಚೀವಿ, ಹೋಗ್ಲಿ ಬಿಡು. ಕೊಲಿ ಮಾಡಿದಾವ ಯಾವ ಅಂತ ತಿಳಿಯೋತನಕ ಮಾತ್ರ ಇಲ್ಲೇ ಇರಲಿ."

೭. ಹತ್ತು ಹಾಳಿ

ಡಿಪೋದವರಾಗ ಒಬ್ಬರ ಮನಿಗೆ ಹೋದಾಗೆಲ್ಲಾ ಕೀಲಿ ಇರತಿತ್ತು. ನಮ್ಮ ಮನಿಯವರ ಗಾಡಿ ಡ್ರೈವರು, ಹುನಗುಂದದವರು. ಅವರಿಬ್ಬರೂ ಒಂದ ಬಸ್ಸಿನ್ಯಾಗ ಅರ್ಧಾ ಆಯುಷ್ಯ ಕಳದವರು, ಲೇ ಅಂದ್ರ ಲೇ. ನನಗ ಅಣ್ಣಾರು. ಫೋನ್ ಮಾಡಿದ್ರ ಎತ್ತತಿರಲಿಲ್ಲ. ಪುಸ್ತಕ ಕಳದಿರಬೇಕು, ನಾಚಿಕಿ ಇರಬೇಕು ಅನಕೊಂಡಿದ್ದೆ.

ಗುಂಪಿನ್ಯಾಗ ನಾ ಮಾತಾಡಿ ಕಳಿಸಿದ್ದು ಊರೂರು ತಿರುಗಿ ಕಡೀಕ ಡ್ರೈವರ್‌ಗಳ ಗುಂಪಿಗೂ ಹೋಗಿತ್ತು. ಹೋದ ವಾರ ಮಧ್ಯಾಹ್ನ ಅಣ್ಣಾರು ತಾವ ಬಂದ್ರು. ಚೀಲದಾಗಿಂದ ಖಾಕಿ ರಟ್ಟಿನ ಪುಸ್ತಕ ತಗದು ನೆಲದ ಮ್ಯಾಲ ಇಟ್ರು. "ತಗೋರಿ ವೈನಿ. ನಿಮ್ಮ ದನಿ ಕೇಳಿದಮ್ಯಾಲ ಊಟ ಸೇರವಲ್ದು" ಅಂದ್ರು.

ಪುಸ್ತಕ ಎತ್ತಿಕೊಂಡೆ. ಗುರುತಿಗೆ ಇಟ್ಟ ಬಸ್ ಟಿಕೀಟು ಹಂಗ ಇತ್ತು. ಮದ್ಲನೇ ಹಾಳಿ ತಗದು ಓದಿದೆ. 'ನಿರ್ವಾಹಕರ ಕೈಪಿಡಿ'. ಕಂಡಕ್ಟರ್‌ಗಳಿಗೆ ಇಲಾಖೆದವರು ಕೊಟ್ಟ ಕಾನೂನಿನ ಪುಸ್ತಕ.

"ಇದಲ್ರಿ ಅಣ್ಣಾರ" ಅಂದೆ.

"ಇದ ರಿ ವೈನಿ" ಅಂದ್ರು. ತಲಿ ಕೆಳಗ ಹಾಕಿದ್ರು. "ಅವಗ ಕಣ್ಣು ಹೋಗಿ ಎಂಟು ತಿಂಗಳಾಗಿತ್ತು. ನೆಳ್ಳಷ್ಟ ಕಾಣತಿತ್ತು. ದವಾಖಾನಿಗೆ ನಾನ ಕರಕೊಂಡು ಹೋಗಿದ್ದೆ, ಹೊಳ್ಳಿ ಬರೂದಿಲ್ಲ ಅಂದ್ರು ಡಾಕ್ಟರು. ಆಕಿಗೆ ಹೇಳಬ್ಯಾಡಲೇ, ಆಕಿ ರೊಟ್ಟಿ ಬಡಿಯೋ ಕೈ ನಿಂತುಬಿಡತೈತಿ ಅಂದ. ಒಂದಿನ ನಾ ಬಂದಾಗ ಇದನ್ನ ಹಿಡಕೊಂಡು ನಿಮಗ ಓದಾಕ ಹತ್ತಿದ್ದ. ನೀವು ನೀರಿಗೆ ಹೋದಾಗ ಅಂದೆ, ಲೇ, ಅದು ನಮ್ಮ ಕೈಪಿಡಿಲೇ ಅಂತ. ನಕ್ಕ. ಯಾವುದಿದ್ರ ಏನಲೇ, ಕಥಿ ನನ್ನ ತಲ್ಯಾಗ ಐತಿ, ಈ ಸಲ ಆಕಿ ನಿದ್ದಿ ಮಾಡವಲ್ಲಳು, ಅಷ್ಟ ಸಾಕು ಅಂದ. ಆರಾಧನಿ ದಿನ ಅದಕ್ಕ ಇದನ್ನ ನಾನ ಮದ್ಲ ಎತ್ತಿಕೊಂಡೆ. ನಿಮ್ಮ ಕೈಗೆ ಸಿಗಬಾರದು ಅಂತ."

ಆ ತಿಂಗಳುಗಳಾಗ ನಮ್ಮ ಮನಿಯವರು ಊಟಕ್ಕ ಕುಂತಾಗ, "ಪಲ್ಯ ಎಲ್ಲೈತಿ?" ಅಂತ ಕೇಳತಿದ್ರು. "ಮುಂದ ಐತಲ್ರಿ, ಕಣ್ಣು ಕಾಣವಲ್ದೇನು?" ಅಂತ ನಾ ಬೈದಿದ್ದೆ. ಒಂದ ಸಲ ಅಲ್ಲ, ಭಾಳ ಸಲ. ಅವರು ನಕ್ಕು, ಕೈ ಆಡಿಸಿ ಹುಡುಕಿ ಉಣತಿದ್ರು. ಇದನ್ನ ಇಲ್ಲಿ ಬರಿಯೋದು ಬ್ಯಾಡ ಅನಕೊಂಡಿದ್ದೆ. ಬರದೆ.

ಡ್ರೈವರ್ ಅಣ್ಣಾರನ್ನ ಅಲ್ಲೇ ಬಿಟ್ಟು ನಾ ಬಚ್ಚಲಕ್ಕ ಹೋದೆ. ಆಮ್ಯಾಲ ಕಣ್ಣು ತೊಳಕೊಂಡು ಬಂದು, ಬಾಗಿಲದಾಗಿನ ಖುರ್ಚಿ ತೋರಿಸಿ, ಕುಂದರ್ರಿ ಅಂದೆ. ಟಿಕೀಟು ಇದ್ದಲ್ಲಿ ತಗದೆ. ಅಲ್ಲಿಂದ ಕಡೀತನಕ ಎಣಿಸಿದೆ. ಹತ್ತಲ್ಲ, ಹದಿಮೂರು ಹಾಳಿ ಇದ್ವು. ಇರಲಿ, ಕಾಣದವರು ಅಂದಾಜ ಹೇಳ್ಯಾರ. ನಾ ಗಟ್ಟ್ಯಾಗಿ ಓದಾಕ ಚಾಲೂ ಮಾಡಿದೆ.

ಕುರಿ ಆಡು ಒಯ್ಯುವವರಿಗೆ ಏನು ಹೇಳಬೇಕು, ಕುಡದು ಬಂದವರನ್ನ ಹೆಂಗ ಇಳಿಸಬೇಕು, ಔಷಧ ಪೆಟ್ಟಿಗಿ ಎಲ್ಲಿರಬೇಕು. ಅಣ್ಣಾರು ಕಣ್ಣು ಮುಚ್ಚಿ ಕೇಳಾಕ ಹತ್ತಿದ್ರು. ನಡುವ ಒಮ್ಮೆ, "ಈ ಕಾನೂನು ಅವ ಒಂದಿನಾನೂ ಪಾಲಿಸಲಿಲ್ರಿ ವೈನಿ" ಅಂದ್ರು. ಡ್ಯೂಟಿ ಮ್ಯಾಲ ಓದಬಾರದು ಅನ್ನೋದು ಅದು. ಇಬ್ಬರೂ ನಕ್ಕಿವಿ.

ಕಡೀ ಹಾಳಿಗೆ ಬಂದೆ. 'ಪ್ರಯಾಣಿಕರು ವಾಹನದಲ್ಲಿ ಮರೆತು ಹೋದ ವಸ್ತುಗಳು' ಅಂತ ತಲಿಬರಹ ಇತ್ತು. 'ಅಂತಹ ವಸ್ತುವನ್ನು ನಿರ್ವಾಹಕನು ತೆರೆಯದೆ, ಯಥಾಸ್ಥಿತಿಯಲ್ಲಿ ನಿಲ್ದಾಣದ ಕಿಟಕಿಯಲ್ಲಿ ಒಪ್ಪಿಸತಕ್ಕದ್ದು. ವಾರಸುದಾರರು ಬಂದು ಕೇಳುವವರೆಗೆ ಅದನ್ನು ಜೋಪಾನವಾಗಿ ಕಾದಿರಿಸತಕ್ಕದ್ದು.'

ಎರಡು ಸಲ ಓದಿದೆ. ನೀಲವ್ವನ್ನ ಅವರು ಆ ಕಿಡಕಿ ಮುಂದ ತಂದು ನಿಲ್ಲಿಸಿದ್ದು ಸುಮ್ನ ಅಲ್ಲ. ಕಂಡಕ್ಟರ್ ಇದ್ದವರಿಗೆ ಗಂಟು ಎಲ್ಲಿರತೈತಿ ಅಂತ ಗೊತ್ತಿತ್ತು. ಆಕಿ ಕೇಳೋದಷ್ಟ ಬಾಕಿ ಇತ್ತು.

ಅಣ್ಣಾರು ಹೋದಮ್ಯಾಲ ಗುಂಪಿನ್ಯಾಗ ಬರದೆ: 'ಪುಸ್ತಕ ಸಿಕ್ತು. ಓದಿ ಮುಗಿಸಿದೆ. ಎಲ್ಲಾರಿಗೂ ಶರಣು.' ಏನು ಪುಸ್ತಕ, ಯಾರು ಬರದದ್ದು ಅಂತ ಹೇಳಲಿಲ್ಲ. ನರ್ಸ್ ಬಾಯಿ ಅಳೋ ಮಾರಿ ಚಿತ್ರ ಕಳಿಸಿದ್ರು. ಸಿನಿಮಾದವರು ಗಂಟು ಕೆಂಪು ಇತ್ತೋ ಇಲ್ಲೋ ಅಂತ ಕೇಳಿದ್ರು. ಹೌದ್ರಿ ಅಂದೆ, ಇರಲಿ ಅಂತ.

ಪ್ರೊಫೆಸರ್ ಸಾಹೇಬ್ರು ಸ್ವಲ್ಪ ಹೊತ್ತು ಬಿಟ್ಟು ಬರದ್ರು: "ಸಂತೋಷ. ನಾನು ಮೊದಲೇ ಹೇಳಿದ್ದೆನಲ್ಲ ತಾಯಿ, ಕೊನೆ ಸ್ವಲ್ಪ ಸಡಿಲ ಅಂತ."

ನಾ ಆವಾಗ ರೊಟ್ಟಿ ಹಿಟ್ಟು ಕಲಸಾಕ ಕುಂತಿದ್ದೆ. ಕೈ ಒರಸಿಕೊಂಡು ಒಂದೊಂದ ಅಕ್ಷರ ಹುಡುಕಿ ಒತ್ತಿ ಉತ್ತರ ಬರದೆ:

"ಇಲ್ರಿ ಸರ್. ಕೊನೀ ಭಾಳ ಗಟ್ಟಿ ಐತಿ. ಗಂಟು ಸಿಗತೈತಿ."